ಮ್ಯಾಚ್ ನೋಡದವರ ಭಾನುವಾರ

ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ನಮ್ಮ ಖಾನಾವಳಿ. ಮಧ್ಯಾಹ್ನದ ಗಿರಾಕಿಗಳೆಲ್ಲ ಹೋದ ಮೇಲೆ ನಾವಷ್ಟೇ ಉಳಿದಿದ್ದೆವು: ಗಲ್ಲಾದಲ್ಲಿ ಸಾಹುಕಾರರು, ಪಕ್ಕದ ಸ್ಟೂಲಿನ ಮೇಲೆ ಮ್ಯಾನೇಜರ್ ಆದ ನಾನು, ಬಾಗಿಲಿಗೆ ಒರಗಿಕೊಂಡು ಪಲ್ಯ ಮಾಡುವ ಅಡುಗೆಯಣ್ಣ, ಸುತ್ತ ಬಡಿಸುವವರು, ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುವ ಅಕ್ಕ. ಬರುವ ಭಾನುವಾರ ವಿಶ್ವಕಪ್ ಫೈನಲ್. ಸಾಹುಕಾರರು ದೊಡ್ಡ ಪರದೆ ತರಿಸುವವರಿದ್ದರು. ಕಾರ್ಖಾನೆಯವರು, ಹಂಪಿ ನೋಡಲು ಬಂದವರು ಎಲ್ಲ ನಮ್ಮಲ್ಲಿಗೇ ನುಗ್ಗುವ ಲೆಕ್ಕ. ಆ ದಿನ ಯಾರಿಗೆ ಕೆಲಸ, ಯಾರಿಗೆ ರಜೆ ಎನ್ನುವುದೇ ಮಾತು.

ಸಾಹುಕಾರರದ್ದು ಒಂದು ವಿಚಿತ್ರ ಪದ್ಧತಿ. ಮ್ಯಾಚಿನ ಹುಚ್ಚು ಇದ್ದವರಿಗೆ ಆ ದಿನ ರಜೆ, ಇಲ್ಲದವರಿಗೆ ಕೆಲಸ. ಸೆಮಿಫೈನಲ್ ದಿನ ನಮ್ಮವನೊಬ್ಬ ಟಿವಿ ನೋಡುತ್ತ ನೋಡುತ್ತ ಗಿರಾಕಿಯ ಅಂಗಿ ಕಿಸೆಗೇ ಸಾರು ಬಡಿಸಿದ್ದ. ಹಾಗಾಗಿ ಈ ಸಲ ಪರೀಕ್ಷೆಯೇ ನಡೆಯಿತು.

"ಲೇ, ಎಲ್‌ಬಿಡಬ್ಲ್ಯೂ ಅಂದ್ರ ಏನಲೇ?" ಎಂದು ಒಬ್ಬೊಬ್ಬರನ್ನೇ ಕೇಳಿದರು. ಬಾಯಿಬಿಟ್ಟು ಹೇಳಿದವನಿಗೆ ರಜೆ, ತಲೆ ಕೆರೆದುಕೊಂಡವನಿಗೆ ಕೆಲಸ.

"ನನ್ನ ಏನೂ ಕೇಳಬ್ಯಾಡ್ರಿ ಸಾವ್ಕಾರ್ರ, ಸುಮ್ನ ರಜಾ ಕೊಟ್ಟುಬಿಡ್ರಿ," ಎಂದ ಅಡುಗೆಯಣ್ಣ. "ಇಲ್ಲಂದ್ರ ಪಲ್ಯಕ್ಕ ಎರಡೆರಡು ಸಲ ಉಪ್ಪು ಬೀಳತೈತಿ."

ಎಲ್ಲರೂ ನಕ್ಕರು. ಆ ನಗುವಿನಲ್ಲೇ ನಾನು ಒಳಗೆ ಕೂಗಿದೆ, "ಅಕ್ಕಾರ, ನೀವು ಮ್ಯಾಚ್ ನೋಡ್ತೀರೇನ್ರಿ?"

"ನನಗ್ಯಾತರ ಮ್ಯಾಚ್ ತಮ್ಮಾ? ಆದ್ರ ಆವತ್ತು..."

"ಮುಗೀತು ಬಿಡ್ರಿ, ಅಕ್ಕಾರು ಇರ್ತಾರ!" ಎಂದೆ. ಮತ್ತೊಮ್ಮೆ ನಗೆ. ಅಕ್ಕನ ಮಾತು ಅರ್ಧಕ್ಕೇ ನಿಂತದ್ದು ನನಗೆ ಕೇಳಿಸಿತ್ತು. ಎದ್ದು ಒಳಗೆ ಹೋಗಿ ಏನೆಂದು ಕೇಳಬಹುದಿತ್ತು. ಸ್ಟೂಲಿನ ಮೇಲಿಂದ ಏಳಲಿಲ್ಲ.

ಭಾನುವಾರ ನಾನು ಬರುವಷ್ಟರಲ್ಲಿ ಅಕ್ಕ ಯಾವಾಗಲೋ ಬಂದು ಒಲೆ ಹಚ್ಚಿದ್ದರು. ಬಿಳಿ ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ಖಡಕ್ ರೊಟ್ಟಿ ಎದೆಮಟ್ಟ ಏರಿತ್ತು. ಮೈಮೇಲೆ ಹೊಸ ಇಳಕಲ್ ಸೀರೆ, ಅದರ ಮೇಲೆ ಹಿಟ್ಟಿನ ಧೂಳು.

"ತಮ್ಮಾ, ಇವತ್ತಿಗೆ ಆಗುವಷ್ಟು ಮಾಡಿಟ್ಟೀನಿ. ಸಂಡೂರಾಗ ಮಗಳದು ಕುಬಸ ಐತಿ. ನಾ ಹೋಗಲೇನು?"

ಚೊಚ್ಚಲ ಬಸುರಿಗೆ ತವರಿನಿಂದ ಬಯಕೆ ಬುತ್ತಿ ಹೊತ್ತುಕೊಂಡು ಹೋಗಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕರೆತರುವ ಕಾರ್ಯ ಅದು. ಅಜ್ಜಿಯ ಮಡಿಲಲ್ಲಿ ಇಂಥ ಕತೆಗಳನ್ನೇ ಕೇಳುತ್ತ ಬೆಳೆದವನು ನಾನು. ಹೆತ್ತವಳು ಬಾರದ ಕುಬಸದಲ್ಲಿ ಬೀಗರು ಆಡುವ ಮಾತು ಎಂಥದ್ದು, ಹುಡುಗಿ ಹೇಗೆ ಬಾಗಿಲ ಕಡೆಗೇ ನೋಡುತ್ತಾ ಕೂತಿರುತ್ತಾಳೆ ಎಂಬುದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದವನಾಗಿದ್ದರೆ ಇಂದು ಇಷ್ಟು ಚುಚ್ಚುತ್ತಿರಲಿಲ್ಲವೇನೋ.

"ಮೊದಲ ಯಾಕ ಹೇಳಲಿಲ್ಲರಿ ಅಕ್ಕಾರ?" ಎಂದೆ. ಅಕ್ಕ ನನ್ನ ಮುಖವನ್ನೊಮ್ಮೆ ನೋಡಿ, ಬುಟ್ಟಿಯ ಬಟ್ಟೆ ಸರಿಮಾಡಿದರು.

ಅಷ್ಟರಲ್ಲಿ ಪರದೆ ಕಟ್ಟಿಸುತ್ತಿದ್ದ ಸಾಹುಕಾರರು ಒಳಗೆ ಇಣುಕಿದರು. "ಖಡಕ್ ಯಾರು ತಿಂತಾರಬೇ? ಮ್ಯಾಚ್ ನೋಡಾಕ ಬಂದವರಿಗೆ ಬಿಸಿ ರೊಟ್ಟಿನೇ ಬೇಕು."

ಅಕ್ಕನ ಬದಲಿಗೆ ಒಬ್ಬರಾದರೂ ಸಿಗಲಿ ಎಂದು ರಜೆ ಪಡೆದವರಿಗೆಲ್ಲ ಫೋನ್ ಹಚ್ಚಿದೆ. ಒಬ್ಬನೂ ಎತ್ತಲಿಲ್ಲ. ಇವತ್ತು ರೊಟ್ಟಿ ಖಡಕ್ಕೇ, ಬೇಕಾದವರು ತಿನ್ನಲಿ ಎಂದು ಸಾಹುಕಾರರಿಗೆ ಹೇಳುವುದು ದೊಡ್ಡ ಮಾತೇನಾಗಿರಲಿಲ್ಲ, ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಬದಲಿಗೆ ಅಕ್ಕನಿಗೇ ಹೇಳಿದೆ: "ಮೊದಲನೇ ಪಂಕ್ತಿ ಒಂದು ಮುಗಿಸಿ ಹೋಗಿಬಿಡ್ರಿ."

"ಆತು ತಮ್ಮಾ," ಎಂದರು. ಅಂಗಳದ ಆಚೆ ನಿಂತು ತಂಗಿಗೆ ಫೋನ್ ಮಾಡಿದ್ದು ಕೇಳಿಸಿತು: "ಬುತ್ತಿ ತಗೊಂಡು ನೀವು ನಡೀರಿ, ನಾ ಹಿಂದ ಬರ್ತೀನಿ. ಆಕೀಗೆ ಅಳಬ್ಯಾಡ ಅನ್ನು." ಮತ್ತೆ ಬಂದು ಹಂಚಿನ ಮುಂದೆ ಕೂತರು.

ಎರಡನೆಯ ಪಂಕ್ತಿ ಮೊದಲನೆಯದಕ್ಕೆ ಅಂಟಿಕೊಂಡೇ ಬಂತು. ಪರದೆಯ ಮೇಲೆ ಟಾಸ್ ಆಗಿ ಜನ ಹೋ ಎಂದು ಕೂಗುವಾಗ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂಬಾಗಿಲಿನಿಂದ ಹೊರಟರು. ಸಂಡೂರಿನವರೆಗೆ ಬೈಕಿನಲ್ಲಿ ಬಿಡುತ್ತೇನೆ ಎಂದೆ. "ಬ್ಯಾಡ ತಮ್ಮಾ, ಗಿರಾಕಿ ಬಂದಾರ, ನೋಡ್ಕೋ," ಎಂದು ಬಸ್ ನಿಲ್ದಾಣದ ಕಡೆ ನಡೆದರು.

ಸಂಡೂರಿಗೆ ಅವರು ತಲುಪುವಷ್ಟರಲ್ಲಿ ಆರತಿ ಮುಗಿದಿತ್ತಂತೆ. ಉಡಿ ತುಂಬಿದ್ದು ಚಿಕ್ಕಮ್ಮ. ಬೀಗರ ಮನೆಯ ಹೆಂಗಸೊಬ್ಬರು, "ನಿಮ್ಮವ್ವಗ ಹೋಟ್ಲೇ ಹೆಚ್ಚಾತೇನಬೇ?" ಎಂದು ಬಸುರಿಯನ್ನು ಎಲ್ಲರೆದುರು ಕೇಳಿದರಂತೆ. ಇದನ್ನು ನನಗೆ ಹೇಳಿದ್ದು ಅಕ್ಕನ ತಂಗಿ. ಅಕ್ಕ ಮರುದಿನ ಎಂದಿನಂತೆ ಬಂದು, ಮಗಳು ತವರಿಗೆ ಬಂದಿದ್ದಾಳೆ ಎಂದಷ್ಟೇ ಹೇಳಿ, ನನ್ನ ಕೈಗೆ ಎರಡು ಕರಿಗಡುಬು ಇಟ್ಟರು. ಅವರ ಎದುರಿಗೇ ತಿಂದೆ.

ಆಮೇಲೆ ಆ ಮಗಳಿಗೆ ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ಹಿಂದಿನ ಸಂಜೆ ಅಕ್ಕ ಗಲ್ಲಾದ ಮುಂದೆ ನಿಂತು, "ಸಾವ್ಕಾರ್ರ, ನಾಳೆ ನಾ ಬರೂದಿಲ್ಲರಿ," ಎಂದು ಹೇಳಿ ಹೊರಟರು. ಮರುದಿನ ನಮ್ಮಲ್ಲಿ ರೊಟ್ಟಿ ಇರಲಿಲ್ಲ. ಬಂದವರಿಗೆಲ್ಲ ಅನ್ನ ಸಾರು ಬಡಿಸಿದೆವು.