ಒಂದೆಲಗ ಹಬ್ಬಿದ್ದ ಜಾಗ

ಸಂಜೆ ಐದು ಗಂಟೆ ಹತ್ತು ನಿಮಿಷ. ಸುಳ್ಯದ ಬಸ್ಸು ಹಾರ್ನ್ ಹಾಕುತ್ತ ಹೊರಟದ್ದು ಕೇಳಿ ನಾನು ಗಡಿಯಾರ ನೋಡಿದ್ದೆ, ಅದಕ್ಕೇ ನೆನಪಿದೆ. ತಲೆಯೆತ್ತಿದಾಗ ಅಮ್ಮ ಕೂತಿದ್ದ ಜಾಗದಲ್ಲಿ ಅಮ್ಮ ಇರಲಿಲ್ಲ.

ಅದು ಪುತ್ತೂರು ಪೇಟೆಯ ನಡುವಿನ ಹಳೆಯ ಇಗರ್ಜಿಯ ಅಂಗಳ. ಚರ್ಚು ಬೇರೆ ಕಡೆ ಹೋಗಿ ತುಂಬಾ ಕಾಲವಾಗಿತ್ತು. ಸಮಾಧಿಗಳ ಮೇಲಿನ ಕಲ್ಲುಗಳನ್ನು ಕಿತ್ತು ಗೋಡೆಗೆ ಒರಗಿಸಿ, ಕ್ರೋಟನ್ ನೆಟ್ಟು, ಬೆಂಚು ಹಾಕಿ ಪಾರ್ಕು ಮಾಡಿದ್ದರು. ಮಂಗಳೂರಿನಲ್ಲಿ ಬಿ.ಎ. ಮುಗಿಸಿ ನಾನು ಅಲ್ಲಿಯ ಹೈಸ್ಕೂಲಿಗೆ ಟೀಚರಾಗಿ ಸೇರಿದ್ದ ವರ್ಷ. ದರ್ಬೆಯ ನನ್ನ ಬಾಡಿಗೆ ಕೋಣೆಗೆ ಅಮ್ಮ ಇಚಿಲಂಪಾಡಿಯಿಂದ ಬಂದಿದ್ದಳು.

ಪೇಟೆಯ ಹೆಂಗಸರು ಆ ಪಾರ್ಕಿನ ಹೂವನ್ನೂ ಮುಡಿಯುತ್ತಿರಲಿಲ್ಲ. ಅಮ್ಮನಿಗೆ ಆ ಅಂಜಿಕೆ ಇರಲಿಲ್ಲ. ತೋಟದವನು ನೀರು ಬಿಡುತ್ತಿದ್ದ ಕಣಿ ಮುಗಿಯುವಲ್ಲಿ ಒಂದೆಲಗ ಹಾಸಿದ ಹಾಗೆ ಹಬ್ಬಿತ್ತು. ಅದನ್ನು ಕಂಡೂ ತಂಬುಳಿಗೆ ಕೊಯ್ಯದೆ ಮುಂದೆ ಹೋಗುವುದು ನಮ್ಮ ಕಡೆಯ ಹೆಂಗಸರಿಂದ ಆಗದ ಕೆಲಸ.

“ಅದು ಸಮಾಧಿ ಮೇಲಿನದ್ದಮ್ಮ, ಬೇಡ,” ಎಂದೆ.

“ಅಡಿಯಲ್ಲಿ ಮಲಗಿದವರು ತಂಬುಳಿ ಮಾಡುದುಂಟಾ? ಹಾಳಾಗುದಕ್ಕಿಂತ ನಾವು ತಿನ್ನುವ,” ಎಂದು ಸೆರಗು ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತಳು.

ಕೆಳಗೆ ಮುರಕಲ್ಲಿನಲ್ಲಿ ಕಟ್ಟಿದ ಹಳೆಯ ಸಮಾಧಿಕೋಣೆ ಟೊಳ್ಳಾಗಿಯೇ ಉಳಿದಿತ್ತು, ಕಣಿಯ ನೀರು ಇಳಿದು ಅದರ ಕಮಾನು ಸಡಿಲವಾಗಿತ್ತು ಎಂದು ಗೊತ್ತಾದದ್ದು ಆಮೇಲೆ.

ಅಮ್ಮ ಕೂತಿದ್ದಲ್ಲಿ ನೆಲ ಕುಸಿದು ಹೊಂಡವಾಗಿತ್ತು. ಹತ್ತಿರ ಓಡಿದೆ. ಅಮ್ಮ ಎದೆಯವರೆಗೆ ಮಣ್ಣಿನಲ್ಲಿ ಹೂತು, ಎರಡು ಕಲ್ಲುಗಳ ನಡುವೆ ಸಿಕ್ಕಿ ಮೇಲೆ ನೋಡುತ್ತಿದ್ದಳು. “ಕಾಲಿಗೆ ಎಂತದೂ ಸಿಕ್ಕುದಿಲ್ಲ,” ಎಂದಳು ಮೆಲ್ಲಗೆ. “ಅಡಿಯಲ್ಲಿ ಖಾಲಿ ಉಂಟು.” ಕೈ ಚಾಚಿದೆ. ನನ್ನ ಮೊಣಕಾಲ ಕೆಳಗಿನ ಮಣ್ಣು ಜಾರಿ ಅವಳ ಕುತ್ತಿಗೆಗೆ ಬಿತ್ತು. ಹಿಂದೆ ಸರಿದೆ. ನಾನು ಹತ್ತಿರ ಹೋದಷ್ಟೂ ಅಮ್ಮ ಹೂತುಹೋಗುತ್ತಾಳೆ.

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಜನವೆಲ್ಲ ಬಂತು. ಎಲ್ಲರಿಗೂ ನೋಡಬೇಕು, ಎಲ್ಲರಿಗೂ ಕೈ ಕೊಡಬೇಕು. ಒಬ್ಬರು ಮುಂದೆ ಬಂದರೆ ಅಂಚು ಒಂದಿಷ್ಟು ಉದುರುತ್ತಿತ್ತು. ನಾನು ಎರಡೂ ಕೈ ಅಗಲಿಸಿ ಅಡ್ಡ ನಿಂತೆ. ಬೆನ್ನ ಹಿಂದೆ ಮಣ್ಣು ಬೀಳುತ್ತಿತ್ತು. ತಿರುಗಿ ನೋಡಿದರೆ ಜನ ನುಗ್ಗುತ್ತಾರೆ. ನನಗೆ ಈಗಲೂ ಮರಳಿ ಮರಳಿ ಬರುವುದು ಆ ಸದ್ದು.

ಎದುರಿನ ಬಟ್ಟೆ ಅಂಗಡಿಯ ಬ್ಯಾರಿ ಸಾಹುಕಾರರು ಏಣಿ ಹೊರಿಸಿಕೊಂಡು ಬಂದರು. ಅದನ್ನು ಹೊಂಡಕ್ಕೆ ಅಡ್ಡ ಮಲಗಿಸಿ, ಅದರ ಮೇಲೆ ತೆವಳಿ, ಒಂದು ಇಡೀ ಥಾನು ಬಟ್ಟೆಯನ್ನು ಬಿಚ್ಚಿ ಕೆಳಗೆ ಬಿಟ್ಟರು.

“ಅಮ್ಮಾ, ಮೊದಲು ಆ ಸೊಪ್ಪು ಬಿಡಿ ಮಾರಾಯ್ರೆ. ಬಟ್ಟೆ ಕಂಕುಳಿಗೆ ಸುತ್ತಿಕೊಳ್ಳಿ.”

“ಹರಿದರೆ?”

“ಇಷ್ಟು ಜನರ ಎದುರು ಹರಿದರೆ ನಾನು ಅಂಗಡಿ ಮುಚ್ಚುದೇ.”

ಹರಿಯಲಿಲ್ಲ. ಅಮ್ಮ ಮೇಲೆ ಬಂದ ಮೇಲೆ ಅವಳನ್ನು ಹಿಡಿದಿದ್ದ ಕಲ್ಲುಗಳು ಒಳಗೆ ಕುಸಿದವು. ಅವಳ ಬಲಗಾಲು ಮುರಿದಿತ್ತು.

ಆಮೇಲೆ ನಾವಿಬ್ಬರೂ ದರ್ಬೆಯ ಬಾಡಿಗೆ ಕೋಣೆಯೊಳಗೇ ಸಿಕ್ಕಿಬಿದ್ದೆವು. ಅಮ್ಮ ಒಳ್ಳೆಯ ಕಾಲನ್ನೂ ನೆಲಕ್ಕೆ ಇಡಲು ಒಪ್ಪಲಿಲ್ಲ. ನಾನು ಸಿಮೆಂಟು ನೆಲವನ್ನು ಹಿಮ್ಮಡಿಯಿಂದ ಕುಟ್ಟಿ ನೋಡಿಯೇ ಹೆಜ್ಜೆ ಇಡುತ್ತಿದ್ದೆ. ಕಣ್ಣು ಹತ್ತಿದೊಡನೆ ಅವಳು ಬೆಚ್ಚಿ ಏಳುತ್ತಿದ್ದಳು, ಮತ್ತೆ ಇಬ್ಬರಿಗೂ ನಿದ್ದೆಯಿಲ್ಲ. ಊರಿಗೆ ಹೋಗುವ ಎಂದರೆ, “ಅಲ್ಲಿಯೂ ಮಣ್ಣೇ ಅಲ್ವಾ?” ಎನ್ನುತ್ತಿದ್ದಳು.

ಹೊಂಡ ತುಂಬಿಸುತ್ತಾರೆಂದು ತಿಳಿದಾಗ ತಾನೂ ಬರುತ್ತೇನೆಂದಳು. ಬಾಡಿಗೆ ಕಾರಿನಲ್ಲಿ ಕೂರಿಸಿ ಕರೆದೊಯ್ದೆ. ಪಾದ್ರಿಯೊಬ್ಬರು ಪ್ರಾರ್ಥನೆ ಮಾಡಿದ ಮೇಲೆ ಆಳುಗಳು ಕಲ್ಲು ಹಾಕತೊಡಗಿದರು. ಅಮ್ಮ ಕಾರಿನ ಬಾಗಿಲು ತೆರೆಸಿ ಕಿವಿಗೊಟ್ಟಳು. ಮೊದಮೊದಲು ಆಳದಿಂದ ಕೇಳುತ್ತಿದ್ದ ಸದ್ದು ಮೇಲೆ ಮೇಲೆ ಬಂತು. ಕೊನೆಗೆ ಆಳುಗಳು ಅದರ ಮೇಲೆಯೇ ನಿಂತು ಮಣ್ಣು ತುಳಿದರು. “ಸಾಕು, ಹೋಗುವ,” ಎಂದಳು.

ಮರುದಿನ ಭಾನುವಾರ. ಪಕ್ಕದ ಮನೆಯಾಕೆ ಬಾಗಿಲು ಬಡಿದಾಗ ಬಿಸಿಲು ಮಂಚದವರೆಗೆ ಬಂದಿತ್ತು.

“ಎಂತ ಟೀಚರ್, ಎಷ್ಟು ಬಡಿಯುದು? ಇಬ್ಬರಿಗೂ ಎಂತಾದರೂ ಆಯಿತಾ ಅಂತ ಹೆದರಿದೆ.”

ಅಮ್ಮ ಇನ್ನೂ ಗೊರಕೆ ಹೊಡೆಯುತ್ತಿದ್ದಳು. ನಾನು ಬಾಗಿಲನ್ನು ಅರ್ಧವೇ ತೆರೆದು, ಮೆಲ್ಲಗೆ ಮಾತಾಡಿ ಎಂದೆ.