ಅಕ್ಕೋರು ಕೂಡಿಸಿದ ಸಮವಸ್ತ್ರ

ಪ್ರತಿ ಸೋಮವಾರ ಅಕ್ಕೋರ ಬಲಗೈ ಹೆಬ್ಬೆರಳು ಕಪ್ಪಾಗಿರುತ್ತಿತ್ತು. ಸೀಮೆಸುಣ್ಣ ಹಿಡಿದು ಬರೆಯುವಾಗ ಅದು ಎದ್ದು ಕಾಣುತ್ತಿತ್ತು. ಶಾಯಿ ಇರಬೇಕೆಂದು ನಾವು ತಿಳಿದಿದ್ದೆವು. ಹಳಿಯಾಳದ ನಮ್ಮ ಶಾಲೆಯಲ್ಲಿ ಮೂರನೆಯ ಇಯತ್ತೆಯಿಂದ ನನಗೆ ಕಲಿಸಿದವರು ಅವರು. ಅದು ಹಿತ್ತಾಳೆಯ ಕಿಲುಬು ಎಂದು ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಭಾನುವಾರಗಳಂದು ಅವರು ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ ನಾಲ್ಕು ಗುಂಡಿಗಳನ್ನು ತಿಕ್ಕುತ್ತಿದ್ದರು. ಗಂಡನ ಕೋಟಿನ ಗುಂಡಿಗಳು.

ಅವರ ಯಜಮಾನರು ವಾಯುಸೇನೆಯಲ್ಲಿದ್ದರು. ವಿಮಾನ ಹಾರಿಸುವವರಲ್ಲ, ಅದರ ಎಂಜಿನ್ ನೋಡಿಕೊಳ್ಳುವವರು. ಮದುವೆಯಾಗಿ ಹದಿನಾಲ್ಕು ತಿಂಗಳಿಗೆ ಯುದ್ಧ ಬಂತು, ಅವರಿದ್ದ ವಾಯುನೆಲೆಯ ಮೇಲೆ ಬಾಂಬು ಬಿತ್ತು. ಮುಂಡಗೋಡದ ಹತ್ತಿರದ ಇಂದೂರಿನ ಅತ್ತೆಮನೆಗೆ ಅವರ ಟ್ರಂಕು ಮಾತ್ರ ಬಂತು. ಅತ್ತೆಗೆ ಅದರತ್ತ ನೋಡಲಾಗಲಿಲ್ಲ. ಒಂದೇ ದಿನದಲ್ಲಿ ಎಲ್ಲವನ್ನೂ ಹಂಚಿಬಿಟ್ಟರು. ನೀಲಿ ಉಣ್ಣೆಯ ಕೋಟು ಮೈದುನನಿಗೆ, ಖಾಕಿ ಅಂಗಿ ಹೊಲದ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಹೆಂಗಸಿಗೆ, ಟೋಪಿ ಯಾರೋ ನೆಂಟರಿಗೆ.

"ಒಂದರ ನನಗ ಬಿಡ್ರಿ ಅನ್ನೂದು ಬಾಯಾಗ ಇತ್ತು. ಹೊರಗ ಬರಲಿಲ್ಲ" ಎಂದು ಅಕ್ಕೋರು ನನಗೆ ಹೇಳಿದ್ದರು. ಆಗ ಅವರಿಗೆ ಇಪ್ಪತ್ತು ವರ್ಷ.

ನೌಕರಿ ಸಿಕ್ಕಿ ಹಳಿಯಾಳಕ್ಕೆ ಬಂದ ಮೇಲೆ ಅವರು ಅವನ್ನೆಲ್ಲ ಒಂದೊಂದಾಗಿ ಮರಳಿ ಕೇಳತೊಡಗಿದರು. ಹೊಲಕ್ಕೆ ಹಾಕುವ ಕೋಟಿಗೆ ಹಿತ್ತಾಳೆ ಗುಂಡಿ ಯಾಕೆಂದು ಮೈದುನ ಕಿತ್ತು ಗೋಡೆಯ ಮಾಡಿನಲ್ಲಿಟ್ಟಿದ್ದರು. ಅವೇ ಮೊದಲು ಸಿಕ್ಕವು. ಆಮೇಲೆ ಹಿಡಿಕೆಯ ಮೇಲೆ ಗಂಡನ ಸೇನೆಯ ನಂಬರು ಕೊರೆದ ಚಮಚ, ಒಂದು ಬಾಚಣಿಗೆ. ಶಾಲೆಯಲ್ಲಿ ಅಕ್ಕೋರದು ಮೃದು ಮಾತು. ನಮ್ಮ ಪಾಟಿ ನೋಡಿ, "ತಪ್ಪಾದ್ರ ಗೆರಿ ಎಳಿ, ಅಳಸಬ್ಯಾಡ. ಏನ ಬರದಿದ್ದಿ ಅಂತ ನಿನಗರ ಗೊತ್ತಿರಬೇಕು" ಎನ್ನುತ್ತಿದ್ದರು.

ನಾನು ಮದುವೆಯಾಗಿ ದಾಂಡೇಲಿಗೆ ಬಂದು ಹೊಲಿಗೆ ಅಂಗಡಿ ಇಟ್ಟೆ. ಒಂದು ಮಧ್ಯಾಹ್ನ ಅಕ್ಕೋರು ಬಸ್ಸಿಳಿದು ನೇರವಾಗಿ ಅಂಗಡಿಗೇ ಬಂದರು. ಚೀಲದಲ್ಲಿ ಆ ಕೋಟು ಇತ್ತು. ಮೈದುನ ತೀರಿಕೊಂಡಿದ್ದರು, ಅವರ ಹೆಂಡತಿ ಕೊಟ್ಟಿದ್ದರು. ಮೊಣಕೈ ಹರಿದು, ಬಿಸಿಲಿಗೆ ಬಣ್ಣ ಹೋಗಿ ಬೂದಿಯಂತಾಗಿತ್ತು. ತೋಳಿನ ಮೇಲೆ ದರ್ಜೆ ತೋರಿಸುವ ಎರಡು ಪಟ್ಟಿ ಮಾತ್ರ ಉಳಿದಿದ್ದವು.

"ಈ ಪಟ್ಟಿ ಬಿಚ್ಚಿಕೊಡವಾ. ಕತ್ತರಿ ಹಚ್ಚಬ್ಯಾಡ. ಇದು ನಮ್ಮ ಯಜಮಾನ್ರು ಕೈಯಾರೆ ಹೊಲದದ್ದು."

ಸೂಜಿಯ ತುದಿಯಿಂದ ಒಂದೊಂದೇ ಹೊಲಿಗೆ ಎಬ್ಬಿಸಿದೆ. ಗಂಡಸಿನ ಹೊಲಿಗೆ, ಸೊಟ್ಟಪಟ್ಟ, ಆದರೆ ಗಟ್ಟಿ. ಎರಡು ತಾಸು ಹಿಡಿಯಿತು. ಪಟ್ಟಿ ಎದ್ದು ಬಂದಾಗ ಅದರಡಿಯ ಬಟ್ಟೆ ಹೊಸದರಂತೆ ಕಡುನೀಲಿಯಾಗಿತ್ತು. ಅಷ್ಟು ವರ್ಷದ ಬಿಸಿಲು ಅಲ್ಲಿಗೆ ತಾಗಿರಲಿಲ್ಲ. ಅಕ್ಕೋರು ಆ ನೀಲಿಯ ಮೇಲೆ ಬೆರಳಿಟ್ಟರು. "ಇದ ಬಣ್ಣ. ಕಡೀ ಸಲ ರಜಾಕ್ಕ ಬಂದಾಗ ನಾ ನೋಡಿದ್ದು ಇದ ಬಣ್ಣ" ಎಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಿಗದೆ ಉಳಿದದ್ದು ಖಾಕಿ ಅಂಗಿಯ ತೋಳಿನಲ್ಲಿದ್ದ ವಾಯುಸೇನೆಯ ಹಕ್ಕಿಯ ಗುರುತು ಮತ್ತು ಟೋಪಿಯ ಬಿಲ್ಲೆ. ಅಂಗಿ ಪಡೆದ ಸಿದ್ದಿ ಹೆಂಗಸಿನ ಮನೆ ಇಂದೂರಿನ ಆಚೆ ಇದೆಯೆಂದು ಗೊತ್ತಾದಾಗ ನನ್ನನ್ನೂ ಕರೆದುಕೊಂಡು ಹೋದರು. ಆ ಹೆಂಗಸು ತೀರಿಕೊಂಡು ವರ್ಷಗಳಾಗಿದ್ದವು. ಸೊಸೆ ಅಂಗಳದಲ್ಲಿದ್ದಳು. ಅಕ್ಕೋರು ಬಂದ ಕಾರಣ ಹೇಳಿದ ಕೂಡಲೇ ಒಳಗೆ ಕರೆದಳು. ನೆಲದ ಮೇಲೆ ಒಂದು ಕೌದಿ, ಅದರ ಮೇಲೆ ನಿದ್ದೆ ಹೋದ ಕೂಸು. ನೂರು ಬಣ್ಣದ ತುಂಡುಗಳ ನಡುವೆ ಸವೆದ ಖಾಕಿ, ಆ ಖಾಕಿಯ ಮೇಲೆ ಹಕ್ಕಿ. ಕೂಸಿನ ತಲೆಯ ಪಕ್ಕದಲ್ಲೇ.

"ನಿಮ್ಮ ಯಜಮಾನ್ರು ನಮ್ಮತ್ತೀನ ಅಕ್ಕಾ ಅಂತ ಕರೀತಿದ್ರಂತ್ರಿ," ಎಂದಳು ಸೊಸೆ. "ಅದಕ್ಕ ನಮ್ಮತ್ತಿ ಈ ತುಂಡು ತಲಿ ಕಡೀಗೆ ಹಚ್ಚಿದ್ರು. ಕಾಲ ಕಡೀಗೆ ಹಾಸಾಕ ಯಾರಿಗೂ ಬಿಡ್ತಿದ್ದಿಲ್ಲ. ಈಗ ನಾನೂ ಬಿಡೂದಿಲ್ಲ. ಒಯ್ರಿ ಅಕ್ಕೋರ, ನಿಮ್ಮದ ಐತಿ." ಕೂಸನ್ನು ಎತ್ತಿಕೊಳ್ಳಲು ಬಾಗಿದಳು.

ಅಕ್ಕೋರು ಅವಳ ಕೈ ಹಿಡಿದರು. "ಬ್ಯಾಡವಾ. ಎಬ್ಬಸಬ್ಯಾಡ. ಅದು ಇಲ್ಲೇ ಇರಲಿ."

ಹಕ್ಕಿಯ ಮೇಲೊಮ್ಮೆ ಕೈಯಾಡಿಸಿ ಹೊರಬಂದರು. ಬಸ್ಸು ಮುಂಡಗೋಡ ದಾಟಿತು. ಆಮೇಲೆ ಹೇಳಿದರು: "ನಾ ಒಬ್ಬಾಕಿನ ಅವರನ್ನ ನೆನಸ್ಕೊಂತ ಕುಂತೇನಿ ಅಂತ ತಿಳದಿದ್ನಿ ನೋಡ. ಆ ಅಕ್ಕನೂ ನೆನಸ್ಯಾಳ. ಆಕಿ ಸೊಸಿಗೂ ಹೇಳ್ಯಾಳ."

ಆಮೇಲೆ ಅವರು ಹುಡುಕುವುದನ್ನು ಬಿಟ್ಟರು. ಟೋಪಿಯ ಬಿಲ್ಲೆ ಸಿಗಲೇ ಇಲ್ಲ. ಅದರ ಬಗ್ಗೆ ಅವರಿಗೆ ಕೊರಗೂ ಉಳಿದಿರಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಅಕ್ಕೋರು ತೀರಿಕೊಂಡರು. "ಇವನ್ನ ನನ್ನ ಜೋಡಿ ಮಣ್ಣಾಗ ಹಾಕಬ್ಯಾಡ್ರಿ" ಎಂದು ಮೊದಲೇ ಹೇಳಿದ್ದರು. ಗುಂಡಿ, ಪಟ್ಟಿ, ಚಮಚಗಳ ಆ ಗಂಟನ್ನು ಅವರ ತಂಗಿ ನನ್ನ ಕೈಗೆ ಕೊಟ್ಟರು.

ಮಣ್ಣು ಮಾಡಿ ಬಂದವಳು ಹಳಿಯಾಳದ ತವರುಮನೆಗೆ ಹೋದೆ. ನನಗೊಬ್ಬ ಅಣ್ಣನಿದ್ದ. ನಾನು ಹುಟ್ಟುವ ಮೊದಲೇ ಜ್ವರ ಬಂದು ಹೋದವನು. ಅವನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವ್ವನಿಗೆ ನೋವಾದೀತೆಂದು ನಾನೂ ಐವತ್ತು ವರ್ಷ ಸುಮ್ಮನಿದ್ದೆ. ಅಂದು ಅವಳ ಪಕ್ಕ ಕುಳಿತು, ಅಕ್ಕೋರನ್ನು ನೆನೆದು ಧೈರ್ಯ ತಂದುಕೊಂಡು ಕೇಳಿದೆ.

"ಅವ್ವಾ, ಅಣ್ಣ ಹೆಂಗಿದ್ದ?"

ಅವ್ವ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. "ಎಡಗೈಲೆ ಉಣತಿದ್ದ" ಎಂದಳು. "ಎಷ್ಟ ಬೈದ್ರೂ ಬಿಡ್ತಿದ್ದಿಲ್ಲ, ನಗತಿದ್ದ." ಹೇಳುತ್ತ ತಾನೂ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇಷ್ಟ ವರ್ಷ ಯಾರೂ ಕೇಳಲೇ ಇಲ್ಲ ನೋಡ."