ಬಾಟಲಿಯ ಮೇಲಿನ ಗೆರೆ

ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ. ತೀರ್ಥಹಳ್ಳಿಯ ಸ್ಕ್ಯಾನಿಂಗ್ ಸೆಂಟರಿನ ಹುಡುಗಿ ಅದನ್ನು ನನ್ನ ಕೈಗೆ ಕೊಟ್ಟು, "ಪೂರ್ತಿ ಕುಡೀರಿ ಸಾರ್. ಟಾಯ್ಲೆಟ್ಟಿಗೆ ಹೋಗ್ಬೇಡಿ. ಇನ್ನು ತಡ್ಕಳಕ್ಕೆ ಆಗಲ್ಲ ಅನ್ಸಿದಾಗ ಹೇಳಿ" ಎಂದಳು. ಮೂತ್ರನಾಳದಲ್ಲಿ ಕಲ್ಲಿರಬಹುದೆಂದು ಡಾಕ್ಟರಿಗೆ ಸಂಶಯ. ಕುಡಿದು ಕುಳಿತೆ. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಗೋಡೆಯ ಗಡಿಯಾರದ ಹೊರತು ಬೇರೇನೂ ಕಣ್ಣಿಗೆ ಬೀಳದಂತಾಯಿತು. ಕಾಲ ಮೇಲೆ ಕಾಲು ಹಾಕಿದೆ, ತೆಗೆದೆ, ಎದ್ದು ನಿಂತೆ. ಖಾಲಿ ಬಾಟಲಿ ಕೈಯಲ್ಲೇ ಇತ್ತು. ಆಗ ಸಾಗರದ ಆಸ್ಪತ್ರೆಯ ಆ ಸಿಸ್ಟರಮ್ಮ ನೆನಪಾದರು. ನಾನು ಮುಕ್ಕಾಲು ಗಂಟೆ ತಡೆದುಕೊಳ್ಳಲು ಒದ್ದಾಡಿದ್ದನ್ನು ಅವರು ದಿನಕ್ಕೆ ಹನ್ನೆರಡು ಗಂಟೆ ಮಾಡುತ್ತಿದ್ದರು. ಅಥವಾ ಹಾಗೆಂದು ನನ್ನ ನೆನಪು...

ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಈಗ ಅದನ್ನೇ ಪಾಠ ಮಾಡುವವನು. ಒಬ್ಬರ ಹೇಳಿಕೆಯನ್ನು ಪುರಾವೆ ಎಂದುಕೊಳ್ಳಬಾರದೆಂದು ಮಕ್ಕಳಿಗೆ ಹೇಳುತ್ತೇನೆ. ಆ ಒಬ್ಬ ನಾನೇ ಆದಾಗಲೂ ನಿಯಮ ಅದೇ.

ಎಂಟು ವರ್ಷದ ಹಿಂದೆ, ಇರಬೇಕು, ಅಪ್ಪನಿಗೆ ಸಾಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪ್ರಾಸ್ಟೇಟ್ ಆಪರೇಶನ್ ಆಯಿತು. ನಾನು ಕಾಲೇಜಿಗೆ ರಜೆ ಹಾಕಿ ಹಗಲಿಡೀ ಅವರ ಪಕ್ಕದ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದೆ. ವಾರ್ಡಿನಲ್ಲಿ ಹದಿನೆಂಟು ಮಂಚ. ಹಗಲಿಗೆ ಇಬ್ಬರು ನರ್ಸುಗಳೆಂದು ಪಟ್ಟಿಯಲ್ಲಿತ್ತು, ಆದರೆ ಒಬ್ಬರನ್ನು ಯಾವಾಗಲೂ ಆಪರೇಶನ್ ಥಿಯೇಟರಿಗೆ ಎಳೆದುಕೊಂಡಿರುತ್ತಿದ್ದರು. ಉಳಿಯುತ್ತಿದ್ದವರು ಸಿಸ್ಟರಮ್ಮ ಒಬ್ಬರೇ. ಹೊಸನಗರದ ಕಡೆಯವರು, ಮೂವತ್ತೈದರ ಆಸುಪಾಸು. ಬೆಳಿಗ್ಗೆ ಎಂಟಕ್ಕೆ ಬಂದರೆ ರಾತ್ರಿ ಎಂಟರವರೆಗೆ ಕುಳಿತದ್ದನ್ನು ನಾನು ನೋಡಿದ್ದು ಕಡಿಮೆ. ಕಾಲುನೋವಿಗೆ ಏಪ್ರನ್ನಿನ ಜೇಬಿನಿಂದ ಒಂದು ಮಾತ್ರೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮಾತ್ರೆ ಇಳಿಯಲು ಒಂದೇ ಒಂದು ಗುಟುಕು ನೀರು, ಅಷ್ಟೇ.

ಅಪ್ಪನಿಗೆ ಮಾತ್ರ ದಿನಕ್ಕೆ ಮೂರು ಲೀಟರ್ ಕುಡಿಸುವುದು ಅವರ ಹಟ. ಒಳಗೆ ಹೋದ ನೀರೆಷ್ಟು, ಮಂಚಕ್ಕೆ ನೇತುಹಾಕಿದ ಚೀಲಕ್ಕೆ ಬಂದ ಮೂತ್ರವೆಷ್ಟು, ಎರಡನ್ನೂ ಅಳೆದು ಚಾರ್ಟಿನಲ್ಲಿ ಬರೆಯುತ್ತಿದ್ದರು.

"ಕುಡೀರಿ ಅಜ್ಜ. ಕುಡೀದಿದ್ರೆ ಪೈಪು ಕಟ್ಟತ್ತೆ. ಆಮೇಲೆ ನೀವು ಕೂಗಿದ್ದು ಆನಂದಪುರಕ್ಕೆ ಕೇಳ್ಸತ್ತೆ."

"ನೀ ಕುಡಿತೀಯೇನೆ ತಂಗಿ?"

"ನಾನೆಂತಕ್ಕೆ ಕುಡೀಲಿ? ನಂಗೇನು ಆಪ್ರೇಶನ್ ಆಗಿದ್ಯಾ?"

ಅವರು ಮುಂದಿನ ಮಂಚಕ್ಕೆ ಹೋದ ಮೇಲೆ ಅಪ್ಪ ನನ್ನ ತೋಳು ತಟ್ಟಿದರು. "ಅವ್ಳು ನೀರು ಮುಟ್ಟಲ್ಲ, ನೋಡು. ಬೇಕಂತ್ಲೇ. ನಾವು ಲೈನಲ್ಲಿ ಹಿಂಗೇ ಮಾಡ್ತಿದ್ವಿ." ಅಪ್ಪ ಸಾಗರ, ಹೊಸನಗರ, ತೀರ್ಥಹಳ್ಳಿ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿ ಮುದುಕರಾದವರು. ಕಂಡಕ್ಟರ್ ಇಳಿದರೆ ಬಸ್ಸು ನಿಲ್ಲಬೇಕು, ಬಸ್ಸು ನಿಂತರೆ ಹಿಂದಿನ ಬಸ್ಸು ಮುಂದಿನ ಸ್ಟಾಪಿನ ಜನರನ್ನು ಹತ್ತಿಸಿಕೊಂಡು ಹೋಗಿಬಿಡುತ್ತದೆ. ಹಾಗಾಗಿ ಬೆಳಿಗ್ಗೆ ಅರ್ಧ ಲೋಟ ಚಹ ಕುಡಿದು ಹತ್ತಿದರೆ ಮುಗಿಯಿತು. ಯಾರು ಕುಡಿಯದೆ ಇದ್ದಾರೆಂಬುದು ಅವರಿಗೆ ಮುಖ ನೋಡಿದರೇ ತಿಳಿಯುತ್ತಿತ್ತು.

ನಾನು ನಂಬಲಿಲ್ಲ. ಮುಖ ನೋಡಿ ಹೇಳುವುದು ಯಾವ ಲೆಕ್ಕ? ನರ್ಸುಗಳ ಮೇಜು ಅಪ್ಪನ ಮಂಚದ ಎದುರಿಗೇ ಇತ್ತು. ಅದರ ಮೇಲೆ ಸಿಸ್ಟರಮ್ಮನ ಬಾಟಲಿ, ಹಸಿರು ಮುಚ್ಚಳದ್ದು. (ದಿನಾ ಊಟ ತರುತ್ತಿದ್ದ ಹೆಂಡತಿ ನೀಲಿ ಎನ್ನುತ್ತಾಳೆ.) ಒಂದು ಬೆಳಿಗ್ಗೆ ಅವರು ಆ ಕಡೆ ಹೋಗಿದ್ದಾಗ ನೀರಿನ ಮಟ್ಟಕ್ಕೆ ಸರಿಯಾಗಿ ನನ್ನ ಪೆನ್ನಿನಿಂದ ಸಣ್ಣ ಗೆರೆ ಎಳೆದೆ. ಸಂಜೆ ನೋಡಿದರೆ ನೀರು ಗೆರೆಯಿಂದ ಒಂದು ಬೆರಳು ಕೆಳಗೆ ಇಳಿದಿತ್ತು. ಮಾರನೆಯ ದಿನವೂ ಅಷ್ಟೇ. ಮೂರನೆಯ ದಿನ ಅಷ್ಟೂ ಇಲ್ಲ. ಆ ದಿನವೇ ಮದ್ದಿನ ಟ್ರಾಲಿಯ ಹಿಂದೆ ಅವರು ನಿಂತಿದ್ದನ್ನು ಕಂಡೆ. ಆಪರೇಶನ್ ಆಗಿ ನೀರು ಕೊಡಬಾರದ ರೋಗಿಗಳ ತುಟಿಗೆ ಒದ್ದೆ ಹತ್ತಿ ಒತ್ತುತ್ತಾರಲ್ಲ, ಅದೇ ರೀತಿ ತಮ್ಮ ತುಟಿಗೆ ಒತ್ತಿಕೊಳ್ಳುತ್ತಿದ್ದರು.

ನನಗಾದದ್ದು ಕನಿಕರವಲ್ಲ, ಸಂತೋಷ. ಊಹೆಯೊಂದು ಸಾಬೀತಾದ ಸಂತೋಷ. ಹೋಗಿ ಬಾಟಲಿಯ ಗೆರೆ ತೋರಿಸಿದೆ.

ಅವರು ಬಾಟಲಿ ನೋಡಿದರು, ನನ್ನನ್ನು ನೋಡಿದರು. "ಎಂತ ಮೇಷ್ಟ್ರೆ, ನಂಗೂ ಚಾರ್ಟ್ ಇಟ್ಬಿಟ್ರಾ?" ಎಂದು ನಕ್ಕುಬಿಟ್ಟರು.

ಕಾರಣ ಕೇಳಿದೆ. ಸ್ಟಾಫ್ ಟಾಯ್ಲೆಟ್ ಮೇಲಿನ ಮಹಡಿಯಲ್ಲಿ, ಬೀಗದ ಕೈ ಕೆಳಗಿನ ಕೌಂಟರಿನಲ್ಲಿ. ಅದಾದರೂ ಆಗಬಹುದಿತ್ತು. ಆದರೆ ವಾರ್ಡನ್ನು ಇನ್ನೊಬ್ಬ ನರ್ಸಿಗೆ ಒಪ್ಪಿಸದೆ ಹೊರಗೆ ಕಾಲಿಡುವಂತಿರಲಿಲ್ಲ. ಯಾವ ಮಂಚದಲ್ಲಿ ಯಾರು, ಯಾರ ಡ್ರಿಪ್ ಎಷ್ಟು ಉಳಿದಿದೆ, ಎಲ್ಲ ಹೇಳಿ ಒಪ್ಪಿಸಬೇಕು. ಆ ಇನ್ನೊಬ್ಬರು ಥಿಯೇಟರಿನಲ್ಲಿ.

"ಹದಿನೆಂಟು ಜನನ್ನ ಯಾರಿಗೆ ಒಪ್ಸಿ ಹೋಗ್ಲಿ? ನಿಮ್ಗಾ?"

"ಹತ್ತು ನಿಮಿಷ ನಾನಿರ್ತೀನಿ, ಹೋಗಿ ಬನ್ನಿ."

"ಹಂಗಾ! ಆ ಮೂಲೆ ಅಮ್ಮಂಗೆ ಉಸ್ರು ಸಿಗದಂಗಾದ್ರೆ ಎಂತ ಮಾಡ್ತೀರಿ? ಗೆರೆ ಎಳೀತೀರಾ?"

ಅಪ್ಪ ಹೊಲಿಗೆ ಹಿಡಿದುಕೊಂಡು ನಕ್ಕರು. ಸಿಸ್ಟರಮ್ಮನಿಗೆ ಆಗಾಗ ಚಳಿಜ್ವರ ಬರುತ್ತದೆ, ಉರಿಮೂತ್ರಕ್ಕೆ ವರ್ಷದಲ್ಲಿ ಮೂರು ಸಲ ಮಾತ್ರೆ ತೆಗೆದುಕೊಂಡಿದ್ದಾರೆ ಎಂದು ಆಮೇಲೆ ಅವರೇ ಹೇಳಿದರು. ಹೀಗೇ ಮುಂದುವರಿದರೆ ಕಿಡ್ನಿಗೆ ಏನಾಗಬಹುದೆಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಆದರೂ ನಾನು ಫೋನಿನಲ್ಲಿ ಹುಡುಕಿ, ದೀರ್ಘ ಪಾಳಿಯ ನರ್ಸುಗಳಿಗೆ ಆರೋಗ್ಯದ ಸಲಹೆಗಳು ಎಂಬುದನ್ನು ಪ್ರಿಂಟ್ ಮಾಡಿಸಿ ತಂದುಕೊಟ್ಟೆ. ಎರಡು ಗಂಟೆಗೊಮ್ಮೆ ಕಾಲು ಎತ್ತರದಲ್ಲಿಟ್ಟು ಕೂರಿ, ಊಟವನ್ನು ಅವಸರದಲ್ಲಿ ಮಾಡಬೇಡಿ, ನೀರಿನ ಬಾಟಲಿ ಸದಾ ಜೊತೆಯಲ್ಲಿರಲಿ... "ಪುರ್ಸೊತ್ತಾದಾಗ ಓದ್ತೀನಿ" ಎಂದು ಅವರು ಅದನ್ನು ನಾಲ್ಕಾಗಿ ಮಡಚಿ, ಆರುತ್ತಿದ್ದ ಚಹದ ಲೋಟಕ್ಕೆ ಮುಚ್ಚಿದರು.

ಅಪ್ಪ ಮನೆಗೆ ಹೊರಡುವ ದಿನ ನಾನು ಒಂದು ಕೆಲಸ ಮಾಡಿದೆ. ಕೌಂಟರಿನ ಪಕ್ಕದ ಸಲಹಾ ಪೆಟ್ಟಿಗೆಗೆ ಚೀಟಿ ಹಾಕಿದೆ. ಈ ವಾರ್ಡಿನ ನರ್ಸುಗಳು ಹನ್ನೆರಡು ಗಂಟೆ ನೀರು ಕುಡಿಯುವುದಿಲ್ಲ, ಇದು ಅವರ ಆರೋಗ್ಯಕ್ಕೆ ಅಪಾಯ, ದಯವಿಟ್ಟು ಗಮನಿಸಿ ಎಂದು ಬರೆದಿದ್ದೆ. ಬೀಗದ ಕೈಯ ವಿಷಯ, ಇನ್ನೊಬ್ಬ ನರ್ಸು ಬೇಕೆಂಬುದು, ಅವನ್ನೂ ಬರೆದಿದ್ದೆನೆ? ಬರೆದಿದ್ದೇನೆಂದು ನನ್ನ ಭಾವನೆ. ಚೀಟಿ ಬಹಳ ಸಣ್ಣದಿತ್ತು.

ಇನ್ನೂ ಒಂದಿದೆ. ಸಿಸ್ಟರಮ್ಮನನ್ನು ಕೇಳಿಯೇ ಚೀಟಿ ಹಾಕಿದೆನೆಂದು ನಾನು ಎಷ್ಟೋ ಕಾಲ ನಂಬಿದ್ದೆ. ಅವರು "ಹಾಕಿ ಮೇಷ್ಟ್ರೆ, ನಿಮ್ ಮಾತು ಕೇಳ್ತಾರೆ" ಎಂದ ದನಿ ಕೂಡ ಕಿವಿಯಲ್ಲಿತ್ತು. ಒಮ್ಮೆ ಹೆಂಡತಿಯ ಹತ್ತಿರ ಹಾಗೆಂದಾಗ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನನ್ನೇ ನೋಡಿದಳು. "ನೀವೆಲ್ಲಿ ಕೇಳಿದ್ರಿ? ಕೇಳ್ರೀ ಅಂತ ನಾನೇ ಹೇಳ್ದೆ. ಸರಿ ಇರೋದನ್ನ ಹೇಳಕ್ಕೆ ಯಾರನ್ನ ಕೇಳ್ಬೇಕು ಅಂದ್ರಿ." ಅದು ನನ್ನದೇ ಮಾತು. ನಾನು ಹಾಗೆಯೇ ಮಾತನಾಡುತ್ತೇನೆ.

ಎರಡು ವಾರ ಬಿಟ್ಟು ಅಪ್ಪನನ್ನು ಡಾಕ್ಟರಿಗೆ ತೋರಿಸಲು ಹೋದೆವು. ನರ್ಸುಗಳ ಮೇಜಿನ ಮೇಲೆ ಹೊಸ ನೋಟೀಸು: ಪ್ರತಿಯೊಬ್ಬ ಸಿಬ್ಬಂದಿ ಪಾಳಿಯಲ್ಲಿ ಎರಡು ಲೀಟರ್ ನೀರು ಕುಡಿಯತಕ್ಕದ್ದು. ಅದರ ಕೆಳಗೆ ಒಂದು ರಿಜಿಸ್ಟರ್. ಹೆಸರು, ಕುಡಿದ ನೀರಿನ ಪ್ರಮಾಣ, ಸಹಿ. ಗಂಟೆ ಬೆಳಗಿನ ಹನ್ನೊಂದು. ಸಿಸ್ಟರಮ್ಮನ ಹೆಸರಿನ ಮುಂದೆ ರಾತ್ರಿ ಎಂಟರವರೆಗಿನ ನೀರೆಲ್ಲ ಆಗಲೇ ತುಂಬಿ, ಸಹಿಯೂ ಬಿದ್ದಿತ್ತು. ಅಪ್ಪನ ಚಾರ್ಟಿನಲ್ಲಿದ್ದ ಅದೇ ದುಂಡಗಿನ ಅಕ್ಷರ.

"ಇದೇನಿದು?" ಎಂದೆ.

"ಸಂಜೆ ಬರೆಯಕ್ಕೆ ಟೈಮ್ ಇರಲ್ಲ ಮೇಷ್ಟ್ರೆ. ಬೆಳಿಗ್ಗೆನೇ ಮುಗ್ಸಿಬಿಡ್ತೀನಿ." ಅವರು ಕೈಗವಸು ಹಾಕಿಕೊಳ್ಳುತ್ತಲೇ ಹೇಳಿದರು. "ಯಾರೋ ಪುಣ್ಯಾತ್ಮರು ಡಬ್ಬಕ್ಕೆ ಚೀಟಿ ಹಾಕಿದ್ರಂತೆ. ಇದ್ದ ಕೆಲ್ಸದ ಜೊತೆ ಇದೊಂದು."

ಟಾಯ್ಲೆಟ್ಟಿನ ಬೀಗದ ಕೈ ಕೌಂಟರಿನಲ್ಲೇ ಇತ್ತು. ಇನ್ನೊಬ್ಬರು ಥಿಯೇಟರಿನಲ್ಲೇ ಇದ್ದರು. ಅಪ್ಪ ನನ್ನ ಕಡೆ ನೋಡಿದರು. ಚೀಟಿ ನನ್ನದೆಂದು ಸಿಸ್ಟರಮ್ಮನಿಗೆ ಗೊತ್ತಿತ್ತೋ ಇಲ್ಲವೋ... ಹೇಳಬೇಕಿತ್ತು. ಮತ್ತೊಂದು ಚೀಟಿ ಹಾಕಲು ಧೈರ್ಯವಾಗಲಿಲ್ಲ, ಮೇಲಿನವರನ್ನು ಕಂಡು ಮಾತಾಡಿದರೆ ಇನ್ನೊಂದು ರಿಜಿಸ್ಟರ್ ಬರಬಹುದೆನ್ನಿಸಿತು. ಡಾಕ್ಟರು ಕರೆದರು. ಒಳಗೆ ಹೋದೆವು.

ಅಪ್ಪ ತೀರಿಹೋಗಿ ಎರಡು ವರ್ಷವಾದ ಮೇಲೆ ತೀರ್ಥಹಳ್ಳಿಯಲ್ಲಿ ಸಿಸ್ಟರಮ್ಮನನ್ನು ಮತ್ತೆ ಕಂಡೆ. ಸಹೋದ್ಯೋಗಿಯೊಬ್ಬರ ತಾಯಿಯನ್ನು ನೋಡಲು ಡಯಾಲಿಸಿಸ್ ಘಟಕಕ್ಕೆ ಹೋಗಿದ್ದೆ. ಕಿಟಕಿಯ ಪಕ್ಕದ ಮಂಚದಿಂದ ಯಾರೋ "ಮೇಷ್ಟ್ರೆ" ಎಂದರು. ಗುರುತು ಸಿಗಲಿಲ್ಲ. ಮುಖ ಊದಿಕೊಂಡಿತ್ತು, ಕೂದಲು ತೆಳ್ಳಗಾಗಿತ್ತು. ನಾನು ಎದುರು ಬಂದು ನಿಂತ ಮೇಲೆ ಅವರು ಕೇಳಿದ ಮೊದಲ ಮಾತು, "ಅಜ್ಜ ನೀರು ಕುಡೀತಾರಾ?"

ಹೇಳಿದೆ. ಅಪ್ಪ ಇಲ್ಲವೆಂದು.

ಪಕ್ಕದಲ್ಲಿ ಅರ್ಧ ಲೀಟರಿನ ಬಾಟಲಿ ಇತ್ತು, ಅದರ ಮೇಲೆ ಕಪ್ಪು ಸ್ಕೆಚ್ ಪೆನ್ನಿನ ಗೆರೆ. ದಿನಕ್ಕೆ ಅಷ್ಟೇ. ಗೆರೆ ದಾಟಿ ಕುಡಿದರೆ ನೀರು ಹೊರಗೆ ಹೋಗಲು ದಾರಿಯಿಲ್ಲ, ಶ್ವಾಸಕೋಶಕ್ಕೆ ತುಂಬುತ್ತದೆ. ನಾನು ಅದನ್ನೇ ನೋಡುತ್ತಿದ್ದೆನೆಂದು ಕಾಣುತ್ತದೆ. "ಈ ಗೆರೆ ನೀವು ಎಳ್ದಿದ್ದಲ್ಲ ಮೇಷ್ಟ್ರೆ, ಹೆದ್ರಬೇಡಿ" ಎಂದು ನಕ್ಕರು. ಆಮೇಲೆ, "ಈಗ ಎಷ್ಟ್ ಬೇಕಾದ್ರೂ ಪುರ್ಸೊತ್ತು ಇದೆ. ಕುಡಿಯಂಗಿಲ್ಲ" ಎಂದರು. ಬಟ್ಟಲಲ್ಲಿದ್ದ ಒದ್ದೆ ಹತ್ತಿಯನ್ನು ತೆಗೆದು ತುಟಿಗೆ ಒತ್ತಿಕೊಂಡರು. ಆ ಕೈಚಳಕ ಹಾಗೇ ಇತ್ತು.

ಹೊರಗೆ ಬಂದು ಅಲ್ಲಿನ ಡಾಕ್ಟರನ್ನು ಕೇಳಿದೆ, ನೀರು ಕುಡಿಯದೆ, ತಡೆದುಕೊಂಡೇ ಹೀಗಾಯಿತೆ? ಹಾಗೆ ಹೇಳಲು ಬರುವುದಿಲ್ಲ ಎಂದರು. ಮತ್ತೆ ಮತ್ತೆ ಬಂದ ಸೋಂಕು ಇರಬಹುದು, ನೋವಿನ ಮಾತ್ರೆ ಇರಬಹುದು, ಗೊತ್ತಾಗದೇ ಇದ್ದ ಬೇರೇನೋ ಇರಬಹುದು. ಅವರ ಮಾತು ಸರಿ. ನಾನು ಪಾಠ ಮಾಡುವುದೂ ಅದನ್ನೇ. ಮೂರು ದಿನದ ಒಂದು ಬಾಟಲಿಯಿಂದ ಏನನ್ನೂ ಸಾಬೀತುಪಡಿಸಲಾಗುವುದಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಅದನ್ನೇ ಹೇಳಿಕೊಳ್ಳುತ್ತಾ ನಡೆದೆ.

ಇನ್ನೊಮ್ಮೆ ಹೋಗಬೇಕೆಂದುಕೊಂಡೆ. ಹೋದೆನೋ? ಹೋಗಲಿಲ್ಲ. ಇದರಲ್ಲಿ ನನಗೆ ಸಂಶಯವಿಲ್ಲ. ಕಳೆದ ವರ್ಷ ಹೊಸನಗರದ ಬಸ್ಸಿನಲ್ಲಿ ಅಪ್ಪನ ಕಾಲದ ಹಳೆಯ ಡ್ರೈವರೊಬ್ಬರು ಸಿಕ್ಕಿ, "ಸಾಗರದಲ್ಲಿ ನಿಮ್ಮಪ್ಪನ್ನ ನೋಡ್ಕಂಡಿದ್ಲಲ್ಲ, ನಮ್ಮೂರ ಕಡೆ ನರ್ಸು, ತೀರ್ಕಂಡ್ಳು ಮಾರಾಯ್ರೆ" ಎಂದರು. ಚೀಟಿ ನನ್ನದೆಂದು ಹೇಳಿಕೊಳ್ಳಲು ಇನ್ನು ಯಾರೂ ಉಳಿದಿರಲಿಲ್ಲ...

"ಸಾರ್, ಬನ್ನಿ." ಹುಡುಗಿ ಕರೆದಳು. ಒಳಗೆ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಒತ್ತಿ ಒತ್ತಿ ನೋಡಿದರು. ಸಣ್ಣ ಕಲ್ಲು, ಹೆಚ್ಚು ನೀರು ಕುಡಿದರೆ ತಾನಾಗಿ ಹೋಗುತ್ತದೆ ಎಂದರು. "ಇನ್ನು ಹೋಗ್ಬಹುದು, ಇಲ್ಲೇ ಎದುರಿಗಿದೆ" ಎಂದು ಹುಡುಗಿ ಬಾಗಿಲು ತೋರಿಸಿದಳು. ಬೀಗ ಇರಲಿಲ್ಲ. ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ, ಯಾರನ್ನೂ ಯಾರಿಗೂ ಒಪ್ಪಿಸದೆ, ಎದ್ದು ನಡೆದುಬಿಟ್ಟೆ.